ದ ಡೋರ್ಸ್ ಎಲ್‌ಪಿ ಕೊಳ್ಳುವಾಗ: ಹಳೇ ಪ್ರೆಸಿಂಗಾ, ಮೋನೋನಾ, 45ರ ಜೋಡಿನಾ?

ಅಮೆರಿಕದ ರಾಕ್ ತಂಡ ದ ಡೋರ್ಸ್‌ಗೆ ಒಂದು ಅಭ್ಯಾಸ ಇತ್ತು. ಆಲ್ಬಮ್ಮಿನ ಅತಿ ಉದ್ದದ ಹಾಡನ್ನು ರೆಕಾರ್ಡಿನ ಒಂದು ಬದಿಯ ಕೊನೆಗೆ ಇಡುವುದು. 1967ರ ಜನವರಿಯಲ್ಲಿ ಬಂದ ಮೊದಲ ಆಲ್ಬಮ್ ನೋಡಿ. ಏಳು ನಿಮಿಷದ 'ಲೈಟ್ ಮೈ ಫೈರ್' ಮೊದಲ ಬದಿಯ ಕೊನೆಯಲ್ಲಿದೆ. ಹನ್ನೊಂದು ನಿಮಿಷ ದಾಟುವ 'ದಿ ಎಂಡ್' ಎರಡನೇ ಬದಿಯ ಕೊನೆಯಲ್ಲಿದೆ. ಅದೇ ವರ್ಷದ ಸೆಪ್ಟೆಂಬರಿನ 'ಸ್ಟ್ರೇಂಜ್ ಡೇಸ್' ಮುಗಿಯುವುದು ಹೆಚ್ಚೂಕಮ್ಮಿ ಹನ್ನೊಂದು ನಿಮಿಷದ 'ವೆನ್ ದ ಮ್ಯೂಸಿಕ್ಸ್ ಓವರ್' ಹಾಡಿನಿಂದ. 1969ರ 'ದ ಸಾಫ್ಟ್ ಪರೇಡ್' ಆಲ್ಬಮ್ಮಿಗೆ ಹೆಸರು ಕೊಟ್ಟ ಎಂಟೂವರೆ ನಿಮಿಷದ ಹಾಡೂ ಕೊನೆಯದೇ. 1971ರ 'ಎಲ್.ಎ. ವುಮನ್' ಅಂತೂ ಎರಡೂ ಬದಿಯನ್ನು ಏಳು ನಿಮಿಷ ಮೀರಿದ ಹಾಡುಗಳಿಂದಲೇ ಮುಗಿಸುತ್ತದೆ.

ಅದರಿಂದೇನು ತೊಂದರೆ ಅಂತೀರಾ? ಎಲ್‌ಪಿ, ಅಂದರೆ ದೊಡ್ಡ ವಿನೈಲ್ ರೆಕಾರ್ಡ್, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಸೂಜಿ ಹೊರ ಅಂಚಿನಲ್ಲಿರಲಿ, ಲೇಬಲ್ ಪಕ್ಕದಲ್ಲಿರಲಿ, ಒಂದು ಸುತ್ತಿಗೆ ಹಿಡಿಯುವ ಸಮಯ ಅದೇ 1.8 ಸೆಕೆಂಡು. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ (ಸದ್ದು ಕೊರೆದಿರುವ ಸಣ್ಣ ಕಾಲುವೆ) ಓಡುತ್ತದೆ. ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು ಸುಮಾರು 21ಕ್ಕೆ ಇಳಿದಿರುತ್ತದೆ. ಬಾಳೆ ಎಲೆಯ ತುಂಬ ಇದ್ದ ಊಟವನ್ನು ಸಣ್ಣ ತಟ್ಟೆಗೆ ಒತ್ತಿ ಬಡಿಸಿದ ಹಾಗೆ. 'ಸ', 'ಶ' ಅಕ್ಷರಗಳು ಸೀಳಿದಂತೆ ಕೇಳುವುದು, ಸಿಂಬಲ್ ಕರಕರ ಎನ್ನುವುದು, ಕೂಗು ಒಡೆಯುವುದು ಎಲ್ಲ ಇಲ್ಲೇ. ಹಿಂದಿನ ಮಾಲೀಕರ ಸವೆದ ಸೂಜಿ ಮೊದಲು ಹಾಳು ಮಾಡಿರುವುದೂ ಈ ಜಾಗವನ್ನೇ.

ಹಾಗಾಗಿ ಡೋರ್ಸ್ ರೆಕಾರ್ಡ್ ಆರಿಸುವಾಗ ನನ್ನ ಮೊದಲ ಪ್ರಶ್ನೆ ಒಂದೇ: ಈ ಪ್ರತಿಯಲ್ಲಿ ಕೊನೆಯ ಹಾಡು ಹೇಗೆ ಕೇಳುತ್ತದೆ? ಮೊದಲನೇ ಮುದ್ರಣವೋ ಹತ್ತನೆಯದೋ, 180 ಗ್ರಾಮೋ 120 ಗ್ರಾಮೋ ಅನ್ನುವುದೆಲ್ಲ ಆಮೇಲಿನ ಮಾತು.

ಕೈಗೆ ಸಿಗುವ ದಾರಿಗಳು

ಹೆಚ್ಚೂಕಮ್ಮಿ ಐದು ದಾರಿಗಳಿವೆ. ಎಲೆಕ್ಟ್ರಾ ಕಂಪನಿ 1967ರಿಂದ 71ರವರೆಗೆ ಅಮೆರಿಕದಲ್ಲಿ ಹೊರತಂದ ಅಸಲಿ ಪ್ರತಿಗಳು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಅದೇ ಕಂಪನಿ ಮತ್ತೆ ಮತ್ತೆ ಒತ್ತಿದ ಸೆಕೆಂಡ್ ಹ್ಯಾಂಡ್ ಪ್ರತಿಗಳು. ಹಳೆಯ ಆಲ್ಬಮ್ ಮರುಮುದ್ರಿಸುವ ರೈನೋ ಕಂಪನಿಯ ಹೆಸರಿನಲ್ಲಿ ಬರುವ ಹೊಸ 180 ಗ್ರಾಂ ರೆಕಾರ್ಡುಗಳು. ಅನಲಾಗ್ ಪ್ರೊಡಕ್ಷನ್ಸ್ ಕಂಪನಿಯ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಜೋಡಿ ರೆಕಾರ್ಡುಗಳು. ಕೊನೆಯದು, 2017ರಿಂದ 2021ರವರೆಗೆ ಬಂದ 50ನೇ ವರ್ಷದ ಆವೃತ್ತಿಗಳು.

ಎಲ್ಲಾ ಆಲ್ಬಮ್ಮಿಗೂ ಒಂದೇ ದಾರಿ ಹಿಡಿಯಬೇಕು ಅಂತೇನೂ ಇಲ್ಲ. ಗಾಯಕ ಜಿಮ್ ಮಾರಿಸನ್ ಇದ್ದಾಗಿನ ಆರೂ ಸ್ಟುಡಿಯೋ ಆಲ್ಬಮ್ ಕಪಾಟಿನಲ್ಲಿ ಒಂದೇ ಸರಣಿಯದ್ದಾಗಿದ್ದರೆ ನೋಡಲು ಚೆನ್ನ, ಅಷ್ಟೇ. ಕಿವಿಗೆ ಬೇಕಾದ್ದು ಒಂದೊಂದು ಆಲ್ಬಮ್ಮಿಗೆ ಒಂದೊಂದು.

ಮೊದಲ ಆಲ್ಬಮ್: ಇಲ್ಲಿ ಮಾತ್ರ ಸ್ವಲ್ಪ ತಲೆಬಿಸಿ

ಇದನ್ನು ಧ್ವನಿಮುದ್ರಿಸಿದ್ದು 1966ರಲ್ಲಿ, ಹಾಲಿವುಡ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ. ನಿರ್ಮಾಪಕ ಪಾಲ್ ರಾಥ್‌ಚೈಲ್ಡ್, ಎಂಜಿನಿಯರ್ ಬ್ರೂಸ್ ಬಾಟ್ನಿಕ್. ಟೇಪಿನಲ್ಲಿ ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿಯಲು ಇದ್ದದ್ದು ನಾಲ್ಕೇ ಟ್ರ್ಯಾಕ್. ತಂಡದಲ್ಲಿ ಬೇಸ್ ಗಿಟಾರಿನವನಿರಲಿಲ್ಲ. ವೇದಿಕೆಯಲ್ಲಿ ರೇ ಮಾನ್ಜರೆಕ್ ಬಲಗೈಯಲ್ಲಿ ಆರ್ಗನ್ ನುಡಿಸುತ್ತಾ ಎಡಗೈಯಲ್ಲಿ ಪಿಯಾನೋ ಬೇಸ್ ನುಡಿಸುತ್ತಿದ್ದ. ಸ್ಟುಡಿಯೋದಲ್ಲಿ ಕೆಲವು ಹಾಡಿಗೆ ಲ್ಯಾರಿ ನೆಕ್ಟೆಲ್ ಬೇಸ್ ಗಿಟಾರ್ ಸೇರಿಸಿದ. ಹೀಗಾಗಿ ಈ ರೆಕಾರ್ಡಿನ ತಳದ ಸದ್ದು ಮೊದಲೇ ಸೂಕ್ಷ್ಮ. ಪ್ರೆಸಿಂಗ್‌ನ, ಅಂದರೆ ಒತ್ತಿದ ಪ್ರತಿಯ, ಸದ್ದು ತೆಳ್ಳಗಿದ್ದರೆ ಎಡಗೈ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಅಂದಿನ ಸ್ಟೀರಿಯೋ (ಎಡಕ್ಕೊಂದು, ಬಲಕ್ಕೊಂದು ಸದ್ದಿನ) ಆವೃತ್ತಿಯಲ್ಲಿ ಇನ್ನೊಂದು ಕಥೆ ಇದೆ. ಟೇಪಿನ ವೇಗದಲ್ಲಿ ಎಲ್ಲೋ ಎಡವಟ್ಟಾಗಿ 'ಲೈಟ್ ಮೈ ಫೈರ್' ಸುಮಾರು 3.5 ಶೇಕಡ ನಿಧಾನ ಓಡುತ್ತದೆ. ಶ್ರುತಿ ಪೂರ್ತಿ ಅರ್ಧ ಸ್ವರದಷ್ಟಲ್ಲದಿದ್ದರೂ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇಳಿದಿದೆ. ಇಡೀ ಜಗತ್ತು ನಲವತ್ತು ವರ್ಷ ಅದನ್ನೇ ಕೇಳಿ ತಲೆದೂಗಿತು. ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಹಳೆಯ ವಿಡಿಯೋಗಳು, ಮುದ್ರಿತ ಸ್ವರಲಿಪಿ ಎಲ್ಲ ಎ ಮೈನರ್ ಅನ್ನುವಾಗ ಆಲ್ಬಮ್ ಮಾತ್ರ ಯಾಕೆ ಕೆಳಗಿದೆ ಅಂತ ಬಾಟ್ನಿಕ್‌ಗೆ ತೋರಿಸಿಕೊಟ್ಟರು. 40ನೇ ವರ್ಷದ ಆವೃತ್ತಿಗೆ ಬಾಟ್ನಿಕ್ ಹೊಸದಾಗಿ ಮಿಕ್ಸ್ ಮಾಡಿ, ಅಂದರೆ ಟ್ರ್ಯಾಕುಗಳನ್ನು ಮತ್ತೆ ಬೆರೆಸಿ, ವೇಗ ಸರಿಪಡಿಸಿದರು. ಅಂದಿನ ಸಿಂಗಲ್ ರೆಕಾರ್ಡಿನಲ್ಲಿ ಮತ್ತು ಮೋನೋ (ಎಡ ಬಲ ಎನ್ನದೆ ಎಲ್ಲ ಸದ್ದೂ ಒಂದೇ ಆಗಿ ಬರುವ) ಎಲ್‌ಪಿಯಲ್ಲಿ ವೇಗ ಸರಿಯಾಗಿಯೇ ಇತ್ತು.

ಜೊತೆಗೆ ಕತ್ತರಿಯ ಕೆಲಸವೂ ಆಗಿತ್ತು. 'ಬ್ರೇಕ್ ಆನ್ ಥ್ರೂ' ಹಾಡಿನಲ್ಲಿ ಅಮಲಿನ ಅರ್ಥ ಬರುವ 'ಹೈ' ಪದವನ್ನು ರೇಡಿಯೋಕ್ಕೆ ಹೆದರಿ ತೆಗೆದಿದ್ದರು. ಅದು ಮರಳಿ ಬಂದದ್ದು ದಶಕಗಳ ನಂತರದ ಆವೃತ್ತಿಗಳಲ್ಲಿ.

ಈಗ ಆಯ್ಕೆಗೆ ಬರೋಣ. ಮೋನೋ ಅಸಲಿ ಪ್ರತಿಯ ನಂಬರ್ ಇಕೆಎಲ್-4007, ಸ್ಟೀರಿಯೋದ್ದು ಇಕೆಎಸ್-74007. ಸಂಗ್ರಹಕಾರರು ಮೋನೋಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ಕೊಡುವುದರಲ್ಲಿ ಅರ್ಥವೂ ಇದೆ. ವೇಗ ಸರಿ, ಮಿಕ್ಸ್ ಬೇರೆ, ನಾಲ್ಕು ಟ್ರ್ಯಾಕನ್ನು ಎಡಕ್ಕೂ ಬಲಕ್ಕೂ ಎಳೆಯುವ ಗೋಜಿಲ್ಲದೆ ಸದ್ದೆಲ್ಲ ಒಟ್ಟಾಗಿ ನುಗ್ಗಿ ಬರುತ್ತದೆ. ಆದರೆ 1967ರಲ್ಲಿ ಈ ಮೋನೋ ರೆಕಾರ್ಡ್ ಕೊಂಡವರು ಯಾರು? ಬಹುಮಟ್ಟಿಗೆ ಅಗ್ಗದ ಪ್ಲೇಯರ್ ಇದ್ದ ಹದಿಹರೆಯದವರು. ಭಾರದ ತೋಳು, ಸವೆದ ಸೂಜಿ, ಪಾರ್ಟಿ, ಕೈಗೆ ಅಂಟಿದ ಕೋಲಾ. ಮೇಲ್ಮೈ ಹೊಳೆಯುತ್ತಿದ್ದರೂ 'ದಿ ಎಂಡ್' ಉತ್ತುಂಗಕ್ಕೆ ಹೋಗುವಾಗ ಹರಿದುಹೋಗುವ ಪ್ರತಿಗಳೇ ಹೆಚ್ಚು.

ನನ್ನ ಸಲಹೆ: ಮೋನೋ ಬೇಕು ಅಂದರೆ ಮರುಮುದ್ರಣ ತಗೊಳ್ಳಿ. 2017ರ 50ನೇ ವರ್ಷದ ಪೆಟ್ಟಿಗೆಯಲ್ಲಿ ಮೂರು ಸಿಡಿಯ ಜೊತೆ ಇರುವ ಎಲ್‌ಪಿ ಮೋನೋದ್ದೇ. ಸ್ಟೀರಿಯೋ ಬೇಕು, ಹಳೆಯ ಮಿಕ್ಸೇ ಬೇಕು ಅಂದರೆ 45ರ ಜೋಡಿ. ನಿಧಾನದ 'ಲೈಟ್ ಮೈ ಫೈರ್' ಕೇಳಿಯೇ ಬೆಳೆದವರಿಗೆ ಸರಿಪಡಿಸಿದ ವೇಗ ಅವಸರದ ಹಾಡಿನಂತೆ ಕೇಳಬಹುದು. ನನಗಂತೂ ಮೋನೋದ ವೇಗವೇ ಇಷ್ಟ. ರಾಬಿ ಕ್ರೀಗರ್‌ನ ಗಿಟಾರ್ ಅಲ್ಲಿ ಎದ್ದು ನಿಂತಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 'ದಿ ಎಂಡ್'ನ ಆರಂಭದಲ್ಲಿ ಗಿಟಾರ್ ಸಿತಾರಿನ ಕಡೆ ವಾಲುವುದು ಕಾಕತಾಳೀಯವಲ್ಲ. ಕ್ರೀಗರ್ ಮತ್ತು ಡ್ರಮ್ಮರ್ ಜಾನ್ ಡೆನ್ಸ್‌ಮೋರ್ ಇಬ್ಬರೂ ಲಾಸ್ ಏಂಜಲೀಸ್‌ನಲ್ಲಿ ಪಂಡಿತ್ ರವಿಶಂಕರ್ ಅವರ ಕಿನ್ನರ ಸಂಗೀತ ಶಾಲೆಗೆ ಹೋದವರು. ತಂತಿ ಮೀಟಿದ ಮೇಲೆ ಉಳಿಯುವ ಆ ಝೇಂಕಾರ ಬಹಳ ಮೆಲ್ಲಗಿದೆ. ಚಟಪಟ ಸದ್ದಿರುವ ರೆಕಾರ್ಡಿನಲ್ಲಿ ಮೊದಲು ಮುಳುಗಿಹೋಗುವುದೇ ಅದು.

45ರ ಜೋಡಿಗೆ ಅಷ್ಟು ದುಡ್ಡು ಕೊಡಬೇಕಾ?

ಅನಲಾಗ್ ಪ್ರೊಡಕ್ಷನ್ಸ್ 2012ರ ಸುಮಾರಿಗೆ ಡೋರ್ಸ್‌ನ ಆರೂ ಸ್ಟುಡಿಯೋ ಆಲ್ಬಮ್ಮುಗಳನ್ನು ಎರಡೆರಡು ರೆಕಾರ್ಡುಗಳಲ್ಲಿ, 45 ಆರ್‌ಪಿಎಂ ವೇಗದಲ್ಲಿ ತಂದಿತು. ಒಂದೊಂದು ರೆಕಾರ್ಡ್ 200 ಗ್ರಾಂ. ಕಟಿಂಗ್ (ಟೇಪಿನ ಸದ್ದನ್ನು ಗ್ರೂವಾಗಿ ಕೊರೆಯುವುದು) ಮಾಡಿದ್ದು ಡಗ್ ಸ್ಯಾಕ್ಸ್, ಮೇಲ್ವಿಚಾರಣೆ ಬ್ರೂಸ್ ಬಾಟ್ನಿಕ್, ಒತ್ತಿದ್ದು ಕ್ಯಾನ್ಸಸ್ ರಾಜ್ಯದ ಸಲೀನಾ ಊರಿನ ಕ್ವಾಲಿಟಿ ರೆಕಾರ್ಡ್ ಪ್ರೆಸಿಂಗ್ಸ್ ಕಾರ್ಖಾನೆಯಲ್ಲಿ. ಐದು ಆಲ್ಬಮ್ಮಿಗೆ ಮೂಲ ಮಾಸ್ಟರ್ ಟೇಪನ್ನೇ ಬಳಸಿದ್ದಾರೆ. ಮೊದಲ ಆಲ್ಬಮ್ಮಿಗೆ ಮಾತ್ರ ಲಭ್ಯವಿದ್ದ ಒಳ್ಳೆಯ ಟೇಪ್ ಪ್ರತಿಯಿಂದ ಮಾಡಿದ್ದು.

ಇದರ ಲಾಭ ಲೆಕ್ಕದಲ್ಲೇ ಇದೆ. ವೇಗ 45ಕ್ಕೆ ಏರಿದರೆ ಒಳಗಿನ ಸುತ್ತಿನಲ್ಲೂ ಸೆಕೆಂಡಿಗೆ ಸುಮಾರು 28 ಸೆಂಟಿಮೀಟರ್ ಗ್ರೂವ್ ಸಿಗುತ್ತದೆ. ಅದರ ಮೇಲೆ ಹಾಡುಗಳು ನಾಲ್ಕು ಬದಿಗೆ ಹಂಚಿಹೋಗುತ್ತವೆ. 'ವೆನ್ ದ ಮ್ಯೂಸಿಕ್ಸ್ ಓವರ್' ಕೇಳಿ ನೋಡಿ. ನಡುವೆ ಎಲ್ಲ ತಣ್ಣಗಾಗಿ, ಬರೀ ಬೇಸ್ ಮತ್ತು ಮೆಲುದನಿ ಉಳಿದು, ನಂತರ ಜಿಮ್ ಮಾರಿಸನ್ ಕೂಗಿ ಎಲ್ಲವನ್ನೂ ಮೇಲೆಬ್ಬಿಸುತ್ತಾನೆ. ಸಾಮಾನ್ಯ ಎಲ್‌ಪಿಯಲ್ಲಿ ಆ ಕೂಗು ಅಂಚಿನಲ್ಲಿ ಚೂರು ಚೂರಾಗುತ್ತದೆ. 45ರಲ್ಲಿ ಅದು ಕೂಗಾಗಿಯೇ ಉಳಿಯುತ್ತದೆ.

ನಷ್ಟವೂ ಇದೆ. ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಎದ್ದು ರೆಕಾರ್ಡ್ ತಿರುಗಿಸಬೇಕು. ಡೋರ್ಸ್ ಆಲ್ಬಮ್ಮುಗಳನ್ನು ಎರಡು ಅಂಕದ ನಾಟಕದ ಹಾಗೆ ಕಟ್ಟಿದ್ದಾರೆ. ನಾಲ್ಕು ತುಂಡಾದರೆ ಆ ಓಟ ತಪ್ಪುತ್ತದೆ. ಬೆಲೆ ಒಂದಕ್ಕೆ 60 ಡಾಲರ್ ಆಸುಪಾಸು. ಸ್ಟಾಕ್ ಖಾಲಿಯಾದಾಗ ಸೆಕೆಂಡ್ ಹ್ಯಾಂಡ್ ಬೆಲೆ ಇನ್ನೂ ಏರುತ್ತದೆ. ಆರೂ ತಗೊಂಡರೆ ಜೇಬಿಗೆ ದೊಡ್ಡ ಕತ್ತರಿ.

ಅಷ್ಟಕ್ಕೂ ಆರೂ ಬೇಕಾಗಿಲ್ಲ. ಮೊದಲ ಆಲ್ಬಮ್, 'ಸ್ಟ್ರೇಂಜ್ ಡೇಸ್', 'ಎಲ್.ಎ. ವುಮನ್' ಈ ಮೂರಕ್ಕೆ ಮಾತ್ರ 45ರ ಖರ್ಚು ಗಿಟ್ಟುತ್ತದೆ. ಉದ್ದದ ಹಾಡುಗಳು ಕೊನೆಯಲ್ಲಿ ಕೂತಿರುವುದು ಮುಖ್ಯವಾಗಿ ಇವುಗಳಲ್ಲೇ. ಒಂದನ್ನೇ ಕೊಳ್ಳುವುದಾದರೆ 'ಸ್ಟ್ರೇಂಜ್ ಡೇಸ್'. ಎಂಟು ಟ್ರ್ಯಾಕಿನಲ್ಲಿ ಮುದ್ರಿಸಿದ್ದು, ಮೂಗ್ ಸಿಂಥಸೈಜರ್ ಬಳಸಿದ ಮೊದಮೊದಲ ರಾಕ್ ಆಲ್ಬಮ್ಮುಗಳಲ್ಲಿ ಒಂದು. ಸದ್ದಿನ ಪದರಗಳು ಅಷ್ಟಿವೆ.

ಅಗ್ಗದ ಪ್ರತಿ ಸಾಕಾಗುವ ಎರಡು ಆಲ್ಬಮ್

1968ರ 'ವೇಟಿಂಗ್ ಫಾರ್ ದ ಸನ್' ಮತ್ತು 1970ರ 'ಮಾರಿಸನ್ ಹೋಟೆಲ್' ಬೇರೆ ಜಾತಿ. ಎರಡರಲ್ಲೂ ಹಾಡುಗಳು ಚಿಕ್ಕವು. 'ವೇಟಿಂಗ್ ಫಾರ್ ದ ಸನ್'ನ ಕೊನೆಗೆ ಇರುವುದು ನಾಲ್ಕೂವರೆ ನಿಮಿಷದ ಒಳಗಿನ 'ಫೈವ್ ಟು ಒನ್'. ಭಾರೀ ಒರಟು ಹಾಡು ಅದು. ಸ್ವಲ್ಪ ಕರಕರ ಇದ್ದರೂ ಹೊಂದಿಕೊಂಡು ಹೋಗುತ್ತದೆ. ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದ ಆಲ್ಬಮ್ ಆದ್ದರಿಂದ ಹಳೆಯ ಪ್ರತಿಗಳು ಬೇಕಾದಷ್ಟಿವೆ. ತೆರೆದರೆ ಒಳಗೆ 'ಸೆಲಬ್ರೇಷನ್ ಆಫ್ ದ ಲಿಜರ್ಡ್' ಕವಿತೆ ಪೂರ್ತಿ ಅಚ್ಚಾಗಿರಬೇಕು. ಮೋನೋ ಪ್ರತಿ ಕಂಡರೆ ಮಾತ್ರ ಬೆಲೆ ನೋಡಿ ಗಾಬರಿಯಾಗಬೇಡಿ. 1968ರ ಹೊತ್ತಿಗೆ ಅಮೆರಿಕದಲ್ಲಿ ಮೋನೋ ನಿಲ್ಲಿಸುತ್ತಾ ಬಂದಿದ್ದರು, ಹಾಗಾಗಿ ಅದು ಅಪರೂಪ. ಕೇಳುವುದಕ್ಕೆ ಅಷ್ಟು ಕೊಡಬೇಕಾಗಿಲ್ಲ. ಷೋಕೇಸಿನಲ್ಲಿ ಇಡುವವರ ಬಾಬತ್ತು ಅದು.

'ಮಾರಿಸನ್ ಹೋಟೆಲ್' ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಹಳೆಯದನ್ನೇ ಕೊಳ್ಳಿ. ಬ್ಲೂಸ್, ಗಿಟಾರ್, ಹಾರ್ಮೋನಿಕಾ, ಬೀಸುವ ಡ್ರಮ್ಸ್. ಅಸಲಿ ಪ್ರತಿಯ ಲೇಬಲ್ ಕೆಂಪು, ಅದರ ಮೇಲೆ ದೊಡ್ಡ 'ಇ' ಅಕ್ಷರ. ಎರಡು ಬದಿಗೂ ಬೇರೆ ಬೇರೆ ಹೆಸರಿದೆ. ಒಂದಕ್ಕೆ 'ಹಾರ್ಡ್ ರಾಕ್ ಕೆಫೆ', ಇನ್ನೊಂದಕ್ಕೆ 'ಮಾರಿಸನ್ ಹೋಟೆಲ್'. ಕವರಿನ ಚಿತ್ರ ಹೆನ್ರಿ ಡಿಲ್ಟ್ಜ್ ತೆಗೆದದ್ದು, ಲಾಸ್ ಏಂಜಲೀಸ್‌ನ ಸೌತ್ ಹೋಪ್ ಸ್ಟ್ರೀಟ್‌ನಲ್ಲಿದ್ದ ನಿಜವಾದ ಹೋಟೆಲಿನ ಕಿಟಕಿ. ಅಸಲಿ ಕೆಂಪು ಲೇಬಲ್ ಸಿಗದಿದ್ದರೆ ಎಪ್ಪತ್ತರ ದಶಕದ, ಲೇಬಲ್ ಮೇಲೆ ಚಿಟ್ಟೆಯ ಚಿತ್ರವಿರುವ ಪ್ರತಿಯೂ ನಡೆಯುತ್ತದೆ. ಅದು ಇನ್ನೂ ಅಗ್ಗ.

ಸಾಫ್ಟ್ ಪರೇಡ್ ಯಾರಿಗೆ?

ಹಿತ್ತಾಳೆ ವಾದ್ಯ, ತಂತಿ ವಾದ್ಯ ತುಂಬಿಸಿದ ಈ ಆಲ್ಬಮ್ ಡೋರ್ಸ್ ಅಭಿಮಾನಿಗಳಲ್ಲೇ ಜಗಳ ಹಚ್ಚುತ್ತದೆ. 'ಟಚ್ ಮಿ' ಹಾಡಿನ ಕೊನೆಯಲ್ಲಿ ಕರ್ಟಿಸ್ ಏಮಿಯ ಸ್ಯಾಕ್ಸೋಫೋನ್ ಕೇಳಿದವರು ಜಗಳ ಬಿಟ್ಟು ಸುಮ್ಮನಾಗುವುದೂ ಉಂಟು. ಅಸಲಿ ಪ್ರತಿಗಳು ಸುಲಭವಾಗಿ, ಸೋವಿಗೆ ಸಿಗುತ್ತವೆ. ಆ ವಾದ್ಯಗಳೇ ಬೇಡ ಅನ್ನುವವರಿಗೆ 2019ರ 50ನೇ ವರ್ಷದ ಪೆಟ್ಟಿಗೆಯಲ್ಲಿ ಅವನ್ನೆಲ್ಲ ತೆಗೆದು ತಂಡದ ನುಡಿಸಾಣಿಕೆ ಮಾತ್ರ ಉಳಿಸಿದ ಮಿಕ್ಸ್‌ಗಳಿವೆ. ಆದರೆ ಅವು ಪೆಟ್ಟಿಗೆಯ ಸಿಡಿಯಲ್ಲಿವೆ ಅನ್ನುವುದು ಗಮನದಲ್ಲಿರಲಿ. ಅದನ್ನೇ ರೆಕಾರ್ಡಿನಲ್ಲಿ ಕೇಳಬೇಕೆಂದರೆ 2020ರ ರೆಕಾರ್ಡ್ ಸ್ಟೋರ್ ಡೇಗೆ (ರೆಕಾರ್ಡ್ ಅಂಗಡಿಗಳ ವಾರ್ಷಿಕ ಹಬ್ಬ) ಬಂದ ಪ್ರತ್ಯೇಕ ಎಲ್‌ಪಿ ಹುಡುಕಬೇಕು.

50ನೇ ವರ್ಷದ ಪೆಟ್ಟಿಗೆಗಳ ಬಗ್ಗೆ ಸಾಮಾನ್ಯವಾಗಿ ಇದೇ ಮಾತು. ದುಡ್ಡಿನ ದೊಡ್ಡ ಪಾಲು ಸಿಡಿಗಳಿಗೆ ಮತ್ತು ಪುಸ್ತಿಕೆಗೆ ಹೋಗುತ್ತದೆ. ಎಲ್‌ಪಿ ಒಂದೇ. ಸ್ಟುಡಿಯೋದಲ್ಲಿ ಹಾಡು ಹೇಗೆ ಹುಟ್ಟಿತು ಅಂತ ತಿಳಿಯುವ ಕುತೂಹಲ ಇದ್ದರೆ ಚೆನ್ನ. ಬರೀ ರೆಕಾರ್ಡ್ ಹಾಕಿ ಕೇಳುವವರಿಗೆ ದುಡ್ಡು ದಂಡ.

ಎಲ್.ಎ. ವುಮನ್: ಕವರಿಗೆ ಒಂದು, ಕಿವಿಗೆ ಒಂದು

ಈ ಒಂದು ಆಲ್ಬಮ್ಮಿನ ಎರಡು ಪ್ರತಿ ಇಟ್ಟುಕೊಂಡರೂ ತಪ್ಪಿಲ್ಲ ಅಂತ ನನ್ನ ಲೆಕ್ಕ.

1971ರ ಏಪ್ರಿಲ್‌ನಲ್ಲಿ ಬಂತು. ರಾಥ್‌ಚೈಲ್ಡ್ ನಡುವೆಯೇ ಎದ್ದು ಹೋಗಿದ್ದರಿಂದ ತಂಡ ಮತ್ತು ಬಾಟ್ನಿಕ್ ಸೇರಿ ತಮ್ಮ ತಾಲೀಮು ಕೋಣೆಯಲ್ಲೇ ಮುದ್ರಿಸಿದರು. ಎಲ್ವಿಸ್ ಜೊತೆ ನುಡಿಸುತ್ತಿದ್ದ ಜೆರ್ರಿ ಶೆಫ್ ಬೇಸ್‌ಗೆ ಬಂದ. ಬಿಡುಗಡೆಯಾಗಿ ಮೂರು ತಿಂಗಳೊಳಗೆ, ಜುಲೈ 3ರಂದು ಮಾರಿಸನ್ ಪ್ಯಾರಿಸ್‌ನಲ್ಲಿ ತೀರಿಕೊಂಡ.

ಅಸಲಿ ಕವರ್ ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ಮೂಲೆಗಳು ದುಂಡಗಿವೆ. ದ್ರಾಕ್ಷಾರಸದ ಬಣ್ಣ. ನಡುವೆ ಚೌಕಾಕಾರದ ಕಿಟಕಿ ಕತ್ತರಿಸಿ ಅದಕ್ಕೆ ಪಾರದರ್ಶಕ ಹಾಳೆ ಅಂಟಿಸಿದ್ದಾರೆ. ನಾಲ್ವರ ಚಿತ್ರ ಆ ಹಾಳೆಯ ಮೇಲೆ ಅಚ್ಚಾಗಿದೆ. ಹಿಂದೆ ಹಳದಿ ಒಳಕವರ್ ಇದ್ದಾಗ ಮಾತ್ರ ಚಿತ್ರ ಎದ್ದು ಕಾಣುವುದು. ಒಳಕವರನ್ನು ಎಳೆದರೆ ಅದರ ಮೇಲೆ ಟೆಲಿಫೋನ್ ಕಂಬಕ್ಕೆ ಶಿಲುಬೆಯಂತೆ ಕಟ್ಟಿದ ಹೆಣ್ಣಿನ ಚಿತ್ರ. ಮಾರುವವರು ಎಷ್ಟೋ ಸಲ ಈ ಹಳದಿ ಒಳಕವರ್ ಬದಲು ಬಿಳಿ ಹಾಳೆ ಹಾಕಿ ಕೊಡುತ್ತಾರೆ. ಫೋಟೋ ಕೇಳಿ ತರಿಸಿಕೊಳ್ಳಿ. ಕಿಟಕಿಯ ಹಾಳೆ ಸುಕ್ಕುಗಟ್ಟಿದೆಯಾ, ಬಿರುಕು ಬಿಟ್ಟಿದೆಯಾ, ಅಂಟು ಬಿಟ್ಟು ಎದ್ದಿದೆಯಾ ಅಂತಲೂ ನೋಡಿ. ಮುಂದಿನ ಮುದ್ರಣಗಳಲ್ಲಿ ಕಿಟಕಿ ಹೋಗಿ ಬರೀ ಅಚ್ಚು ಉಳಿಯಿತು. ಅಸಲಿ ಅಂತ ಹೇಳಿ ಅಂಥದ್ದಕ್ಕೆ ಕಿಟಕಿಯ ಬೆಲೆ ಕೇಳಿದರೆ ಕೈಬಿಡಿ.

ಸದ್ದಿನ ವಿಷಯಕ್ಕೆ ಬಂದರೆ 'ರೈಡರ್ಸ್ ಆನ್ ದ ಸ್ಟಾರ್ಮ್' ಒಂದು ಒಳ್ಳೆ ಪರೀಕ್ಷೆ. ಶುರುವಿಗೇ ಮಳೆ, ಗುಡುಗು. ಮಳೆಯ ಸದ್ದಿನೊಳಗೆ ರೆಕಾರ್ಡಿನ ಚಟಪಟ ಕರಗಿಹೋಗುವುದರಿಂದ ಕೆಟ್ಟ ಪ್ರತಿಯೂ ಮೊದಲ ಅರ್ಧ ನಿಮಿಷ ಚೆನ್ನಾಗಿಯೇ ಕೇಳುತ್ತದೆ. ಆಮೇಲೆ ಮಾರಿಸನ್ ಹಾಡುತ್ತಾನೆ. ಅದೇ ಸಾಲುಗಳನ್ನು ಅವನು ಇನ್ನೊಮ್ಮೆ ಪಿಸುಮಾತಿನಲ್ಲಿ ಹೇಳಿ ಹಾಡಿನ ದನಿಯ ಕೆಳಗೆ ಸೇರಿಸಿದ್ದಾರೆ. ಒಳ್ಳೆಯ ಪ್ರತಿಯಲ್ಲಿ ಹಾಡು ಮತ್ತು ಪಿಸುಮಾತು ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ. ಸವೆದ ಪ್ರತಿಯಲ್ಲಿ ಪಿಸುಮಾತು ಬರೀ 'ಸ್ಸ್' ಅನ್ನುವ ಗಾಳಿಯಾಗಿ ಉಳಿಯುತ್ತದೆ. ಅದೂ ಹಾಡು ಮುಂದುವರಿದಂತೆ, ಸೂಜಿ ಲೇಬಲ್ ಕಡೆ ಸರಿದಂತೆ, ಇನ್ನಷ್ಟು ಜಾಸ್ತಿ. ನನ್ನ ಹತ್ತಿರದ ಚಿಟ್ಟೆ ಲೇಬಲ್ ಪ್ರತಿಯಲ್ಲಿ ಮಾನ್ಜರೆಕ್‌ನ ಎಲೆಕ್ಟ್ರಿಕ್ ಪಿಯಾನೋ ಜಾರುವ ಜಾಗದವರೆಗೂ ಎಲ್ಲ ಸರಿ, ಕೊನೆಯ ಗುಡುಗಿಗೆ ಮಾತ್ರ ಸ್ವಲ್ಪ ಒರಟುತನ ಬರುತ್ತದೆ. 45ರಲ್ಲಿ ಆ ಒರಟು ಇಲ್ಲ. ಆದರೆ ಕಿಟಕಿಯ ಕವರ್ ಮುಟ್ಟುವ ಖುಷಿ ಹಳೆಯದರಲ್ಲೇ.

ಲೇಬಲ್ ಓದುವುದು

ಎಲೆಕ್ಟ್ರಾ ಲೇಬಲ್‌ಗಳ ಬಣ್ಣ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. 1967-68ರ ಮೊದಲ ಮೂರು ಆಲ್ಬಮ್ಮುಗಳ ಅಸಲಿ ಲೇಬಲ್ ಚಿನ್ನ ಅಥವಾ ಕಂದು ಬಣ್ಣದ್ದು, ದೊಡ್ಡ 'ಇ' ಇರುವುದು. 1969-70ರಲ್ಲಿ ಕೆಂಪು ಬಂತು. ಅದಾದ ಮೇಲೆ ಹೂವು, ಹಸಿರು, ಚಿಟ್ಟೆಯ ಲೇಬಲ್. 'ಎಲ್.ಎ. ವುಮನ್'ಗೆ ಮಾತ್ರ ಚಿಟ್ಟೆಯೇ ಅಸಲಿ. ಉಳಿದ ಐದಕ್ಕೆ ಚಿಟ್ಟೆ ಇದ್ದರೆ ಮರುಮುದ್ರಣ. ಚಿಟ್ಟೆ ಲೇಬಲ್ಲಿನ ಅಂಚಿನ ಬರಹದಲ್ಲಿ ವಾರ್ನರ್ ಕಮ್ಯುನಿಕೇಷನ್ಸ್ ಹೆಸರು, ಗುರುತು ಇದ್ದರೆ ಇನ್ನೂ ಈಚಿನದು. ಜಾಕ್ ಹೋಲ್ಜ್‌ಮನ್ ಕಟ್ಟಿದ ಎಲೆಕ್ಟ್ರಾ 1970ರಲ್ಲಿ ವಾರ್ನರ್ ಬಳಗದ ಪಾಲಾಯಿತಲ್ಲ, ಅದರ ಗುರುತು.

ಇನ್ನು ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಇರುವ ನುಣುಪು ಜಾಗ. ಬೆಳಕಿಗೆ ಓರೆ ಹಿಡಿದರೆ ಗೀಚಿದ ನಂಬರ್ ಕಾಣುತ್ತದೆ. ವೃತ್ತದೊಳಗೆ 'ಎಂಆರ್' ಮುದ್ರೆ ಇದ್ದರೆ ಅದು ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯಲ್ಲಿ ಒತ್ತಿದ್ದು. ತಂಡದ ಊರಿನಲ್ಲೇ ತಯಾರಾದದ್ದು ಅಂತ ಕೆಲವರು ಇದಕ್ಕೆ ಜಾಸ್ತಿ ಕೊಡುತ್ತಾರೆ. ಸದ್ದು ಚೆನ್ನ ಅನ್ನುವುದು ಹೌದು, ಆದರೆ ಮೊನಾರ್ಕ್ ಪ್ರತಿ ಸವೆದಿದ್ದರೆ ಬೇರೆ ಕಾರ್ಖಾನೆಯ ಶುಭ್ರ ಪ್ರತಿಯೇ ಮೇಲು.

ಗ್ರೇಡ್ ನಂಬಬಹುದಾ?

ಅರ್ಧ ನಂಬಬಹುದು. ಮಾರುವವರು ಬಳಸುವುದು ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್ ಎಂಬ ಇಳಿಕ್ರಮ. ಹೆಸರಿಗೆ ಮರುಳಾಗಬೇಡಿ, 'ಗುಡ್' ಅಂದರೆ ಈ ಲೋಕದಲ್ಲಿ ಗುಜರಿ. ತೊಂದರೆ ಏನೆಂದರೆ ಬಹಳ ಜನ ಕಣ್ಣಿನಲ್ಲಿ ನೋಡಿ ಗ್ರೇಡ್ ಹಾಕುತ್ತಾರೆ, ಹಾಕಿ ಕೇಳುವುದಿಲ್ಲ. ಗೀರು ಕಣ್ಣಿಗೆ ಕಾಣುತ್ತದೆ. ಗ್ರೂವ್ ಸವೆತ ಕಾಣುವುದಿಲ್ಲ. ಆದ್ದರಿಂದ ಆರ್ಡರ್ ಮಾಡುವ ಮೊದಲು ಒಂದು ಸಾಲು ಬರೆದು ಕೇಳಿ: 'ಎರಡನೇ ಬದಿಯ ಕೊನೆಯ ಹಾಡು ಹಾಕಿ ನೋಡಿದ್ದೀರಾ? ದನಿ ಒಡೆಯುತ್ತಾ?' ಉತ್ತರ ಕೊಡದವರಿಂದ ಡೋರ್ಸ್ ಕೊಳ್ಳಬೇಡಿ.

ನಿಮ್ಮ ಟರ್ನ್‌ಟೇಬಲ್ ಕಡೆಗೂ ಒಮ್ಮೆ ನೋಡಿಕೊಳ್ಳಿ. ಗೋಳಾಕಾರದ ಅಗ್ಗದ ಸೂಜಿ ಒಳಸುತ್ತಿನ ಸೂಕ್ಷ್ಮ ಗ್ರೂವನ್ನು ಸರಿಯಾಗಿ ಓದುವುದಿಲ್ಲ. ದೀರ್ಘವೃತ್ತದ ಸೂಜಿ ಹಾಕಿ, ಸೂಜಿ ಕೂರುವ ಕಾರ್ಟ್ರಿಜ್‌ನ ಕೋನ ಸರಿಮಾಡಿದರೆ 'ಹಾಳಾಗಿದೆ' ಅಂದುಕೊಂಡ ರೆಕಾರ್ಡ್ ಎಷ್ಟೋ ಸಲ ಸರಿಯಾಗಿ ಹಾಡುತ್ತದೆ. 60 ಡಾಲರಿನ 45ರ ಜೋಡಿ ಕೊಳ್ಳುವ ಮೊದಲು ಆ ದುಡ್ಡನ್ನು ಸೂಜಿಗೆ ಹಾಕುವುದು ಜಾಣತನ.

ಹೊಸ 180 ಗ್ರಾಂ ಎಲ್‌ಪಿ

ಹುಡುಕಾಟದ ಉಸಾಬರಿ ಬೇಡ ಅನ್ನುವವರಿಗೆ ಇದೇ ಸರಿ. 20ರಿಂದ 30 ಡಾಲರ್ ಒಳಗೆ ಸಿಗುತ್ತದೆ, ಹೊಸದು, ಗೀರಿಲ್ಲ, ಬೇಡವಾದರೆ ವಾಪಸ್ ಕೊಡಬಹುದು. 180 ಗ್ರಾಂ ಅನ್ನುವುದು ತೂಕ ಅಷ್ಟೇ. ತೂಕದಿಂದ ಸದ್ದು ತಾನಾಗಿ ಸುಧಾರಿಸುವುದಿಲ್ಲ. ಒಳಸುತ್ತಿನ ಸಮಸ್ಯೆ ಇಲ್ಲೂ ಇದ್ದದ್ದೇ, ಹಿಂದಿನ ಮಾಲೀಕರ ಸವೆತ ಮಾತ್ರ ಇಲ್ಲ. ಬೆಂಗಳೂರಲ್ಲೋ ಮೈಸೂರಲ್ಲೋ ಕೂತು ಕೊಳ್ಳುವವರಿಗೆ ಲೆಕ್ಕ ಇನ್ನೂ ಈ ಕಡೆ ವಾಲುತ್ತದೆ. ಅಮೆರಿಕದಿಂದ ಹಳೆಯ ಒಂದೇ ಎಲ್‌ಪಿ ತರಿಸಿದರೆ ಅಂಚೆ ವೆಚ್ಚ, ಕಸ್ಟಮ್ಸ್ ಸುಂಕ ಸೇರಿ ರೆಕಾರ್ಡಿನ ಬೆಲೆಯನ್ನೇ ಮೀರಬಹುದು. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಅಕ್ಕ, ಭಾವ ಇದ್ದರೆ ಅವರ ವಿಳಾಸಕ್ಕೆ ಕಳಿಸಿ ರಜೆಗೆ ಬರುವಾಗ ತರಿಸಿಕೊಳ್ಳುವವರೇ ಹೆಚ್ಚು. ಹಾಗೆ ತರುವಾಗ ಕೈಚೀಲದಲ್ಲಿ, ನೆಟ್ಟಗೆ ನಿಲ್ಲಿಸಿ. ಅಂಚೆಯಲ್ಲಾದರೆ ರೆಕಾರ್ಡನ್ನು ಕವರಿನಿಂದ ಹೊರಗೆ ತೆಗೆದು, ಒಳಕವರಿನಲ್ಲೇ ಇಟ್ಟು, ಕವರಿನ ಹಿಂದೆ ಪ್ಯಾಕ್ ಮಾಡಲು ಹೇಳಿ. ಇಲ್ಲದಿದ್ದರೆ ರೆಕಾರ್ಡ್ ಅತ್ತಿತ್ತ ಜರುಗಿ ಕವರಿನ ಅಂಚು ಸೀಳಿಕೊಂಡು ಬರುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಕವರಿಗೆ ಬೂಷ್ಟು ಹಿಡಿಯುತ್ತದೆ. 'ಎಲ್.ಎ. ವುಮನ್' ಕಿಟಕಿಯ ಕವರನ್ನು ಗೋಡೆಗೆ ತಾಗದ ಕಪಾಟಿನಲ್ಲಿಡಿ.

ಆರರಾಚೆ

ಒಂದೇ ಒಂದು ಡೋರ್ಸ್ ರೆಕಾರ್ಡ್ ಸಾಕು ಅನ್ನುವವರಿಗೆ 1972ರ ಜೋಡಿ ಸಂಕಲನ 'ವಿಯರ್ಡ್ ಸೀನ್ಸ್ ಇನ್‌ಸೈಡ್ ದ ಗೋಲ್ಡ್ ಮೈನ್' ಹೇಳುತ್ತೇನೆ. 1985ರ 'ದ ಬೆಸ್ಟ್ ಆಫ್ ದ ಡೋರ್ಸ್' ಹಿಟ್ ಹಾಡುಗಳಿಗೆ ಸರಿ, ಆದರೆ 'ವಿಯರ್ಡ್ ಸೀನ್ಸ್'ನಲ್ಲಿ ಉದ್ದದ ಹಾಡುಗಳ ಜೊತೆ, ಅಲ್ಲಿಯವರೆಗೆ ಸಿಂಗಲ್‌ಗಳ ಹಿಂಬದಿಯಲ್ಲಷ್ಟೇ ಇದ್ದ ಎರಡು ಹಾಡೂ ಇವೆ. 1970ರ 'ಆಬ್ಸಲ್ಯೂಟ್ಲಿ ಲೈವ್' ಎರಡು ರೆಕಾರ್ಡಿನ ಕಛೇರಿ ಆಲ್ಬಮ್, ಸ್ಟುಡಿಯೋ ಆಲ್ಬಮ್ಮುಗಳ ನಂತರ ಕೊಳ್ಳಿ. ಅಂಗಡಿಗಳಲ್ಲಿ 'ರೇಡಿಯೋ ಬ್ರಾಡ್‌ಕಾಸ್ಟ್' ಅಂತ ಬಣ್ಣದ ವಿನೈಲಿನಲ್ಲಿ ಬರುವ, ಎಲೆಕ್ಟ್ರಾ ಅಥವಾ ರೈನೋ ಹೆಸರಿಲ್ಲದ ಎಲ್‌ಪಿಗಳನ್ನು ದಾಟಿ ಹೋಗಿ.

ಮಾರಿಸನ್ ಹೋದ ಮೇಲೆ ಉಳಿದ ಮೂವರು ಎರಡು ಆಲ್ಬಮ್ ಮಾಡಿದರು: 1971ರ 'ಅದರ್ ವಾಯ್ಸಸ್', 1972ರ 'ಫುಲ್ ಸರ್ಕಲ್'. ಕೇಳುವವರು ಕಮ್ಮಿ, ಹಾಗಾಗಿ ಅಸಲಿ ಪ್ರತಿಗಳೂ ಅಗ್ಗ. 'ಫುಲ್ ಸರ್ಕಲ್'ನ ಅಸಲಿ ಕವರಿನಲ್ಲಿ ಒಂದು ಆಟಿಕೆ ಇದೆ. ರಟ್ಟನ್ನು ಬಿಡಿಸಿ ಜೋಡಿಸಿದರೆ ತಿರುಗುವಾಗ ಚಿತ್ರಗಳು ಚಲಿಸುವಂತೆ ಕಾಣುವ ಝೋಟ್ರೋಪ್. ಹಿಂದಿನ ಮಾಲೀಕರ ಮಕ್ಕಳು ಅದನ್ನು ಆಗಲೇ ಕಿತ್ತು ಆಡಿ ಮುಗಿಸಿದ್ದಾರಾ ಅಂತ ಕವರ್ ಬಿಡಿಸಿ ನೋಡಿಯೇ ದುಡ್ಡು ಕೊಡಿ.